ನೆರಳಿನಿಂದ ಶುರುವಾದ ಮನೆ: ಜೈಸಲ್ಮೇರ್‌ನಲ್ಲಿ ನನ್ನ ಅನುಭವ

ಮನೆ ಕಟ್ಟಿಸಿದವರು ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬಟ್ಟೆ ವ್ಯಾಪಾರ ಮಾಡುವವರು. ಹುಟ್ಟಿ ಬೆಳೆದಿದ್ದೆಲ್ಲ ಇಲ್ಲೇ, ಕನ್ನಡ ನಮ್ಮಷ್ಟೇ ಚೆನ್ನಾಗಿ ಮಾತಾಡುತ್ತಾರೆ. ಅಜ್ಜನ ಊರು ಮಾತ್ರ ರಾಜಸ್ಥಾನದ ಜೈಸಲ್ಮೇರ್ ಕಡೆ. ಅಲ್ಲಿ ಊರಾಚೆ ಐದು ಎಕರೆ ಜಾಗವಿತ್ತು. ಮೊದಲ ಭೇಟಿಯಲ್ಲೇ ಫೋನ್ ತೆಗೆದು ಒಂದು ಫೋಟೋ ತೋರಿಸಿದರು. ಯಾವುದೋ ದೇಶದ ಮರುಭೂಮಿ ಮನೆ. ಪಶ್ಚಿಮಕ್ಕೆ ನೆಲದಿಂದ ಸೂರಿನವರೆಗೆ ಗಾಜು, ಮುಂದೆ ಉದ್ದದ ಈಜುಕೊಳ, ಅದರಾಚೆ ಮುಳುಗುವ ಸೂರ್ಯ. "ಮೇಡಂ, ದುಡ್ಡಿನ ಯೋಚನೆ ಬೇಡ. ನಂಗೆ ಹೀಗೇ ಬೇಕು" ಅಂದರು.

ನಾನು ಹೂಂ ಅನ್ನಲಿಲ್ಲ, ಉಹೂಂ ಅಂತಲೂ ಅನ್ನಲಿಲ್ಲ. ಮೇ ತಿಂಗಳಲ್ಲಿ ಒಂದು ಹಗಲು ಒಂದು ರಾತ್ರಿ ಆ ಜಾಗದಲ್ಲಿ ಕಳೆದು ಬರುತ್ತೇನೆ, ಆಮೇಲೆ ನಕ್ಷೆ ಎಂದೆ.

ಮರುಭೂಮಿ ಅಂದ ತಕ್ಷಣ ಮರಳುಗುಡ್ಡ ನೆನಪಾಗುತ್ತದೆ, ಅಲ್ವಾ? ಈ ಜಾಗ ಹಾಗಿರಲಿಲ್ಲ. ಗಟ್ಟಿ ಕಲ್ಲು ಬಯಲು, ಅಲ್ಲಲ್ಲಿ ಸೇವಣ್ ಹುಲ್ಲು, ನಡುವೆ ಎರಡು ಖೇಜಡಿ ಮರ. ಖೇಜಡಿ ಅಂದರೆ ನಮ್ಮ ಬನ್ನಿ ಮರವೇ. ಬಾಗಲಕೋಟೆ ಕಡೆಯ ನನಗೆ ದಸರೆಯಲ್ಲಿ ಬಂಗಾರ ಅಂತ ಹಂಚುವ ಎಲೆ ಅದು. ಅಲ್ಲಿ ಅದೇ ಮರ ಕಾಯಿ ಕೊಡುತ್ತದೆ, ಮೇವು ಕೊಡುತ್ತದೆ. ಸುತ್ತಲ ಗಿಡಗಳೆಲ್ಲ ಒಣಗಿ ನಿಂತ ಸುಡು ಬೇಸಿಗೆಯಲ್ಲೂ ಇದರ ಮೈಮೇಲೆ ಹಸಿರು ಎಲೆ. ಆ ದಿನ ಅದರ ಬುಡದಲ್ಲಿ ಚಾಪೆ ಹಾಕಿಕೊಂಡು ಕೂತೆ. ಮಧ್ಯಾಹ್ನದ ಹೊತ್ತಿಗೆ ನನ್ನ ನೆರಳು ಕಾಲಡಿ ಸೇರಿತ್ತು. ಮೂರು ಗಂಟೆಗೆ ಪಶ್ಚಿಮ-ನೈಋತ್ಯದಿಂದ ಲೂ ಗಾಳಿ ಶುರುವಾಯಿತು. ಒಲೆಯ ಬಾಯಿಗೆ ಮುಖ ಕೊಟ್ಟ ಹಾಗಿತ್ತು. ಐದು ಗಂಟೆಯಾದರೂ ಪಶ್ಚಿಮದ ಬಿಸಿಲು ಕಣ್ಣಿಗೆ ನೇರ ಹೊಡೆಯುತ್ತಿತ್ತು. ರಾತ್ರಿ ಎರಡರ ಹೊತ್ತಿಗೆ ಅದೇ ಬಯಲಲ್ಲಿ ಗಾಳಿ ತಂಪಾಗಿ, ನಿದ್ದೆ ಬಂತು.

ಮನೆಯ ನಕ್ಷೆ ನನ್ನ ತಲೆಯಲ್ಲಿ ಅಲ್ಲೇ ಕೂತಿತು. ಹಗಲು ಕಣ್ಣು ಮುಚ್ಚಿ, ರಾತ್ರಿ ಉಸಿರಾಡುವ ಮನೆ. ಎರಡು ಬನ್ನಿ ಮರಗಳನ್ನು ಬಿಟ್ಟುಕೊಂಡೇ ಗೋಡೆ ತಿರುಗಬೇಕು.

ಮರುದಿನ ಜೈಸಲ್ಮೇರ್ ಊರೊಳಗೆ ನಡೆದೆ. ಪಟ್ವಾ ಹವೇಲಿಗಳ (ಹಳೇ ವ್ಯಾಪಾರಿಗಳ ದೊಡ್ಡ ಮನೆಗಳ) ಗಲ್ಲಿ ಎಷ್ಟು ಕಿರಿದು ಅಂದರೆ ಎದುರುಬದುರು ಗೋಡೆಗಳು ಒಂದಕ್ಕೊಂದು ನೆರಳು ಕೊಡುತ್ತವೆ. ಕಿಟಕಿಗೆ ಹಾಕಿದ ಒಂದು ಜಾಲಿಯ, ಅಂದರೆ ತೂತು ತೂತಾಗಿ ಕೊರೆದ ಕಲ್ಲು ಪರದೆಯ, ತೂತಿಗೆ ಬೆರಳು ಹಾಕಿ ಅಳೆದೆ. ತೂತಿನ ಅಗಲ ಎಷ್ಟೋ, ಕಲ್ಲಿನ ದಪ್ಪವೂ ಹತ್ತಿರ ಹತ್ತಿರ ಅಷ್ಟೇ. ಹಾಗಿದ್ದರೆ 45 ಡಿಗ್ರಿಗಿಂತ ಮೇಲಿನ ಬಿಸಿಲು ನೇರ ಒಳಗೆ ಬರಲಾರದು. ಬೆಳಕು, ಗಾಳಿ ಮಾತ್ರ ಬರುತ್ತವೆ. ಕಾನೋಯಿ ಹಳ್ಳಿಯ ರಾಜಕುಮಾರಿ ರತ್ನಾವತಿ ಹೆಣ್ಣುಮಕ್ಕಳ ಶಾಲೆಗೂ ಹೋಗಿ ಬಂದೆ. ಅಲ್ಲೂ ಅಂಗಳ, ಜಾಲಿ, ಅದೇ ಊರಿನ ಹಳದಿ ಕಲ್ಲು. ಹೊಸ ಕಾಲದ ಕಟ್ಟಡವೂ ಇದೇ ಭಾಷೆ ಮಾತಾಡಬಲ್ಲದು ಅಂತ ಧೈರ್ಯ ಬಂತು.

ಈಗ ಗಾಜಿನ ಮಾತು. ಜೈಸಲ್ಮೇರ್ ಸುಮಾರು 27 ಡಿಗ್ರಿ ಅಕ್ಷಾಂಶದಲ್ಲಿದೆ. ಜೂನ್ ಮಧ್ಯಾಹ್ನದ ಸೂರ್ಯ 86 ಡಿಗ್ರಿ ಎತ್ತರ, ಡಿಸೆಂಬರ್‌ನಲ್ಲಿ ಸುಮಾರು 40. ದಕ್ಷಿಣದ ಐದಡಿ ಕಿಟಕಿಗೆ ಅದರ ಮೇಲಂಚಿನ ಮಟ್ಟದಲ್ಲಿ ಎರಡಡಿ ಛಜ್ಜಾ (ನೆರಳಿಗೆ ಹೊರಚಾಚಿದ ಚಪ್ಪಡಿ) ಕೊಟ್ಟರೆ ಜೂನ್‌ನಲ್ಲಿ ಪೂರ್ತಿ ನೆರಳು. ಡಿಸೆಂಬರ್‌ನಲ್ಲಿ ಮೇಲಿನ ಒಂದೂಮುಕ್ಕಾಲು ಅಡಿಗಷ್ಟೇ ನೆರಳು, ಉಳಿದಿದ್ದೆಲ್ಲ ಚಳಿ ಕಾಯಿಸುವ ಬಿಸಿಲು. ಪಶ್ಚಿಮಕ್ಕೆ ಈ ಉಪಾಯ ನಡೆಯುವುದಿಲ್ಲ. ಸಂಜೆ ಸೂರ್ಯ ಕೆಳಗಿಳಿದಾಗ ಯಾವ ಛಜ್ಜಾವೂ ತಡೆಯಲಾರದು. ಹಾಗಾಗಿ ಆ ಕಡೆಗೆ ಉಗ್ರಾಣ, ಬಚ್ಚಲು, ಮೆಟ್ಟಿಲು ತಂದಿಟ್ಟೆ. ಮೆಟ್ಟಿಲು ಹತ್ತಿದರೆ ತಾರಸಿ. ಸೂರ್ಯ ಮುಳುಗುವುದನ್ನು ಅಲ್ಲಿ ಕೂತು ನೋಡಬಹುದು. ಆ ಹೊತ್ತಿಗೆ ಕೋಣೆಯೊಳಗೆ ಇರಲು ಯಾರಿಗೂ ಮನಸ್ಸಾಗಲ್ಲ ಅನ್ನುವುದು ಬಯಲಲ್ಲಿ ಕೂತಾಗಲೇ ಗೊತ್ತಾಗಿತ್ತು. ಮಾಲೀಕರು ಇದಕ್ಕೆ ಬೇಗ ಒಪ್ಪಿದರು.

ಈಜುಕೊಳ ಬಿಡಲು ಮಾತ್ರ ಒಪ್ಪಲಿಲ್ಲ. ಆಗ ಒಂದು ಹಾಳೆಯಲ್ಲಿ ಎರಡು ಲೆಕ್ಕ ಬರೆದು ಮುಂದಿಟ್ಟೆ. ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 200 ಮಿಲಿಮೀಟರ್‌ಗಿಂತ ಕಡಿಮೆ. ತೆರೆದ ನೀರಿನಿಂದ ಆವಿಯಾಗಿ ಹೋಗುವುದು 2000 ಮಿಲಿಮೀಟರ್‌ಗೂ ಜಾಸ್ತಿ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಅಂದರೆ ಒಂದು ಲೀಟರ್. ನಮ್ಮ ತಾರಸಿ 400 ಚದರ ಮೀಟರ್. ಒಳ್ಳೆ ವರ್ಷದಲ್ಲಿ ಸೋರಿಕೆ ಕಳೆದು 55-60 ಸಾವಿರ ಲೀಟರ್ ಸಿಗುತ್ತದೆ. ಅವರು ಕೇಳಿದ 60 ಚದರ ಮೀಟರ್ ಕೊಳದಿಂದ ಆಕಾಶಕ್ಕೆ ಹೋಗುವುದು 1,20,000 ಲೀಟರ್. ಅವರು ಹಾಳೆಯನ್ನೇ ತುಂಬಾ ಹೊತ್ತು ನೋಡಿದರು. "ನಮ್ಮಜ್ಜಿ ಕೈ ತೊಳೆದ ನೀರನ್ನೂ ಗಿಡದ ಬುಡಕ್ಕೇ ಹಾಕ್ತಿದ್ರು ಮೇಡಂ" ಅಂದರು. ಕೊಳ ಅಂಗಳದೊಳಗೆ ಬಂತು, ಮೂರು ಮೀಟರ್ ಉದ್ದದ ತೊಟ್ಟಿಯಾಯಿತು. ಹಗಲು ಅದಕ್ಕೆ ಹಲಗೆ ಮುಚ್ಚುತ್ತಾರೆ.

ಲಾನ್ ಬೇಡ ಅಂತಲೂ ಗಟ್ಟಿಯಾಗಿ ಹೇಳಿದೆ. ಜೈಸಲ್ಮೇರ್ ಕೋಟೆ 1156ರಿಂದ ನಿಂತಿದೆ. ನಲ್ಲಿ ನೀರು ಬಂದು, ಬಳಸುವ ನೀರು ಹೆಚ್ಚಿ, ಅದು ಬುಡದ ಮಣ್ಣಿಗೆ ಇಳಿದ ಮೇಲೆ, 1990ರ ದಶಕದಲ್ಲಿ ಕೆಲವು ಬುರುಜುಗಳು ಕುಸಿದವು. ಹಾಗಾಗಿ ಗೋಡೆಗೆ ಅಂಟಿ ಒಂದು ಹೂಕುಂಡಕ್ಕೂ ನಾನು ಒಪ್ಪಲಿಲ್ಲ. ಬಚ್ಚಲ ನೀರು ಶುದ್ಧವಾಗಿ, ದೂರದ ರೋಹಿಡಾ ಗಿಡಗಳಿಗೆ ಹೋಗುತ್ತದೆ.

ಗೋಡೆ ಎರಡು ಪದರ. ಹೊರಗೆ ಜೈಸಲ್ಮೇರ್ ಕಲ್ಲು, ನಡುವೆ ಮೂರು ಇಂಚು ಖಾಲಿ, ಒಳಗೆ ಮತ್ತೆ ಕಲ್ಲು. ದಪ್ಪ ಗೋಡೆ ದಾಟಲು ಬಿಸಿಗೆ ಹತ್ತು-ಹನ್ನೆರಡು ಗಂಟೆ ಬೇಕು. ಆದರೆ ಒಂದೇ ಪದರವಾದರೆ ಹಗಲು ಕುಡಿದ ಬಿಸಿಯನ್ನು ಗೋಡೆ ನಾವು ಮಲಗುವ ಹೊತ್ತಿಗೇ ಬಿಡುತ್ತದೆ. ನಡುವಿನ ಗಾಳಿ ಅದನ್ನು ತಡೆಯುತ್ತದೆ. ಸೂರಿಗೆ ಕಲ್ಲು ಚಪ್ಪಡಿ, ಅದರ ಮೇಲೆ ಬೋರಲು ಹಾಕಿದ ಮಣ್ಣಿನ ಮಡಿಕೆಗಳು, ಸುಣ್ಣದ ಗಾರೆ, ಎಲ್ಲಕ್ಕೂ ಮೇಲೆ ಬಿಳಿ ಟೈಲ್ಸ್ ಚೂರು. ನಮ್ಮೂರ ಮಾಳಿಗೆ ಮನೆಗಳ ಮೇಲಿನ ಒಂದೊಂದೂವರೆ ಅಡಿ ಮಣ್ಣು ಮಾಡುವ ಕೆಲಸವನ್ನೇ ಇದೂ ಮಾಡುತ್ತದೆ.

ಒಂದು ತಪ್ಪು ನನ್ನಿಂದಲೇ ಆಯಿತು. ಬೋರ್‌ವೆಲ್ ನೀರು ಬಂದ ದಿನ ಹಿರಿಯ ಮಿಸ್ತ್ರಿ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿಕೊಂಡರು. "ಖಾರಾ ಇದೆ, ಮೇಡಂಜೀ" ಅಂದರು. ಖಾರಾ ಅಂದರೆ ಅಲ್ಲಿ ಉಪ್ಪು ನೀರು. ಕಾಂಪೌಂಡ್ ಗೋಡೆಗೆ ತಾನೇ, ನಡೆಯುತ್ತೆ ಅಂತ ನಾನು ಪರೀಕ್ಷೆ ಮಾಡಿಸದೆ ಬಿಟ್ಟೆ. ನಾಲ್ಕು ತಿಂಗಳಲ್ಲಿ ಗಾರೆಯ ಮೇಲೆ ಬಿಳಿ ಉಪ್ಪು ಎದ್ದು, ಹಪ್ಪಳದ ಹಾಗೆ ಪದರ ಪದರವಾಗಿ ಉದುರಿತು. ಇಡೀ ಗಾರೆ ಕೆತ್ತಿಸಿ, ಸಿಹಿ ನೀರಿನ ಟ್ಯಾಂಕರ್ ತರಿಸಿ ಮತ್ತೆ ಮಾಡಿಸಿದೆ. ಅದರ ಖರ್ಚು ನನ್ನ ಫೀಸಿನಲ್ಲಿ ಕಳೆದೆ. ಅಲ್ಲಿಂದ ಮುಂದೆ ಮಿಸ್ತ್ರಿಯವರನ್ನು ಕೇಳದೆ ಏನನ್ನೂ ಮುಟ್ಟಲಿಲ್ಲ. ಜಾರುವ ಅಲ್ಯೂಮಿನಿಯಂ ಕಿಟಕಿ ಬೇಡ ಅಂದವರೂ ಅವರೇ. ಆಂಧಿ, ಅಂದರೆ ಧೂಳುಗಾಳಿ, ಎದ್ದರೆ ಹಳಿಯಲ್ಲಿ ಮರಳು ತುಂಬಿ ಕಿಟಕಿ ಅಲುಗಾಡುವುದಿಲ್ಲವಂತೆ. ಎಲ್ಲ ಕಡೆ ಕೀಲಿನ ಮರದ ಬಾಗಿಲುಗಳನ್ನೇ ಹಾಕಿಸಿದೆ.

ಎಸಿ ಬೇಡ ಅಂತ ಹಠ ಮಾಡಲಿಲ್ಲ. ಒಣ ಬೇಸಿಗೆಯಲ್ಲಿ ಕೂಲರ್ ಸಾಕು. ಜುಲೈ-ಆಗಸ್ಟ್‌ನಲ್ಲಿ ಗಾಳಿಗೆ ತೇವ ಬಂದಾಗ ಕೂಲರ್ ಕೆಲಸ ಮಾಡಲ್ಲ, ಆಗ ಮಲಗುವ ಕೋಣೆಗೆ ಎಸಿ ಇರಲಿ. ಮನೆ ನೋಡಿಕೊಳ್ಳುವವರಿಗೆ ಕೈಬರಹದಲ್ಲಿ ಒಂದು ಚೀಟಿ ಬರೆದುಕೊಟ್ಟೆ: ಬೆಳಿಗ್ಗೆ 8ಕ್ಕೆ ಎಲ್ಲ ಮುಚ್ಚಿ, ರಾತ್ರಿ 10ಕ್ಕೆ ಎಲ್ಲ ತೆಗೆಯಿರಿ, ಮೇಲಿನ ಬೆಳಕಿಂಡಿಗಳನ್ನು ಮರೆಯಬೇಡಿ. ರಾತ್ರಿ ತಾರಸಿ ತನ್ನ ಬಿಸಿಯನ್ನು ಆಕಾಶಕ್ಕೆ ಬಿಟ್ಟು ತಣ್ಣಗಾಗುತ್ತದೆ. ಅಲ್ಲಿನ ತಂಪು ಗಾಳಿ ಅಂಗಳಕ್ಕೆ ಇಳಿದು ಕೋಣೆಗಳಿಗೆ ಹರಿಯುತ್ತದೆ. ಈ ಚೀಟಿ ಪಾಲಿಸದಿದ್ದರೆ ಅಷ್ಟು ದಪ್ಪದ ಗೋಡೆಯೂ ಸುಮ್ನೆ.

ಮನೆ ಕಟ್ಟಿ ಮುಗಿದ ವರ್ಷದ ಜೂನ್‌ನಲ್ಲಿ ಹೋಗಿದ್ದೆ. ಮಧ್ಯಾಹ್ನ ನಾಲ್ಕಕ್ಕೆ ಹೊರಗೆ 44 ಡಿಗ್ರಿ, ಎಸಿ ಹಾಕದ ನಡುಮನೆಯಲ್ಲಿ 33. ಮಾಲೀಕರ ತಾಯಿ ನೆಲದ ಮೇಲೆ ಕಾಲು ಚಾಚಿ ಬನ್ನಿ ಮರದ ಸಾಂಗ್ರಿ ಕಾಯಿ ಬಿಡಿಸುತ್ತಿದ್ದರು.

ಜುಲೈ ಕೊನೆಗೆ ಒಂದು ಸಂಜೆ ಫೋನ್ ಬಂತು. "ಮೇಡಂ, ಕೇಳಿ" ಅಂದವರು ಸುಮ್ಮನಾದರು. ಫೋನನ್ನು ಟಾಂಕಾ, ಅಂದರೆ ಮಳೆ ನೀರು ಕೂಡಿಡುವ ತೊಟ್ಟಿಯ, ಬಾಯಿಗೆ ಹಿಡಿದಿದ್ದರು. ನೆಲದಡಿಯ ಅರವತ್ತು ಸಾವಿರ ಲೀಟರ್ ತೊಟ್ಟಿಗೆ ತಾರಸಿ ನೀರು ಧೋ ಅಂತ ಬೀಳುತ್ತಿತ್ತು. ಮೊದಲ ಮಳೆಯ ಧೂಳು ನೀರು ಹೊರಗೆ ಬಿಟ್ಟಿರಾ ಅಂತ ಕೇಳಿದೆ. ಬಿಟ್ಟಿದ್ದರು. ಟಾಂಕಾ ಒಳಗೋಡೆಯಲ್ಲಿ ಮಿಸ್ತ್ರಿ ಅಡಿಗೊಂದರಂತೆ ಗೆರೆ ಕೆತ್ತಿದ್ದಾರೆ. ಟಾರ್ಚ್ ಹಾಕಿ ನೋಡಿ ಹೇಳಿದರು, "ಮೂರನೇ ಗೆರೆ ಮುಟ್ಟಿದೆ ಮೇಡಂ, ಇನ್ನೂ ಬರ್ತಾನೇ ಇದೆ."