ನೇತ್ರಾಣಿಯಲ್ಲಿ ನೀರಿಗಿಳಿಯುವಾಗ ಮೈಮೇಲೆ ಏನೇನಿರಬೇಕು

ಸ್ಕೂಬಾ ಡೈವಿಂಗ್ ಕೋರ್ಸು ಮುಗಿಸಿ, ಮೊದಲ ಸಲ ಸ್ವಂತ ಸಾಮಾನು ಕೊಂಡು ನೇತ್ರಾಣಿ ದ್ವೀಪದಲ್ಲಿ ಇಳಿಯಲು ಮುರುಡೇಶ್ವರಕ್ಕೆ ಬರುವವರ ಚೀಲ ಬಿಚ್ಚಿಸಿ ನೋಡುವುದು ನನ್ನ ರೂಢಿ. ಒಬ್ಬರ ಬಳಿ ಎರಡು ಚಾಕು, ಮೂರು ಟಾರ್ಚು, ಪುಟ್ಟದೊಂದು ಹೆಚ್ಚುವರಿ ಸಿಲಿಂಡರು ಇರುತ್ತದೆ. ಇನ್ನೊಬ್ಬರ ಬಳಿ ಕ್ಯಾಮೆರಾ ಬಿಟ್ಟರೆ ಏನೂ ಇರುವುದಿಲ್ಲ. ಇಬ್ಬರಿಗೂ ನಾನು ಕೇಳುವುದು ಒಂದೇ: ಬೋಟಿನಿಂದ ಕಾಲು ಕಿಲೋಮೀಟರ್ ಆಚೆ ಮೇಲೆ ಬಂದರೆ ನಾವು ನಿಮ್ಮನ್ನು ಕಾಣುವುದು ಹೇಗೆ?

ಈ ಪ್ರಶ್ನೆ ನನಗೆ ಹುಟ್ಟಿದ್ದು ಒಂದು ಫೆಬ್ರವರಿ ಮಧ್ಯಾಹ್ನ. ಕೆಳಗೆ ಸೆಳೆತ ತಿರುಗಿ, ನಾನೂ ನನ್ನ ಜೊತೆಗಾರನೂ ದ್ವೀಪದ ಮೂಲೆ ದಾಟಿ ಹೋಗಿಬಿಟ್ಟಿದ್ದೆವು. ಮೇಲೆ ಬಂದಾಗ ಗಾಳಿ ಎದ್ದಿತ್ತು. ಅಲೆಯ ಮೇಲೆ ಏರಿದಾಗ ಬೋಟು ಕಾಣುತ್ತಿತ್ತು, ಇಳಿದಾಗ ನೀರು ಬಿಟ್ಟು ಏನೂ ಇಲ್ಲ. ಬಂಡೆ ಹತ್ತೋಣವೆಂದರೆ ಅಲ್ಲಿ ಕಡಿದಾದ ಕಲ್ಲಿಗೆ ಅಲೆ ಅಪ್ಪಳಿಸುತ್ತಿತ್ತು. ಉಸಿರು ಕಟ್ಟುವಷ್ಟು ಸೀಟಿ ಊದಿದೆವು. ಕೊನೆಗೆ ಜೊತೆಗಾರ ಗಾಳಿ ತುಂಬುವ ಟ್ಯೂಬ್ ಎತ್ತಿದ ಮೇಲೆ ಬೋಟು ನಮ್ಮತ್ತ ತಿರುಗಿತು. ಹತ್ತಿದ ಮೇಲೆ ಬೋಟು ನಡೆಸುವ ತಾಂಡೇಲರು ಹೇಳಿದರು: "ತಂಗಿ, ಇಂಜಿನ್ ಶಬ್ದದಲ್ಲಿ ಸೀಟಿ ಕೇಳ್ಲೇ ಇಲ್ಲ. ಆ ಕೇಸರಿ ಕೋಲು ಎದ್ದಾಗ್ಲೇ ನೀವು ಕಂಡದ್ದು." ನೀರಿನ ಮೇಲಿರುವ ನಮ್ಮ ತಲೆ ದೂರದಿಂದ ತೇಲುವ ತೆಂಗಿನಕಾಯಿಯಷ್ಟೇ.

ಹಾಗಾಗಿ ನನ್ನ ಲೆಕ್ಕದಲ್ಲಿ ನೀವು ಮೊದಲು ಕೊಳ್ಳಬೇಕಾದದ್ದು ಚಾಕುವಲ್ಲ, ಆ ಟ್ಯೂಬು. ಡಿಎಸ್‌ಎಂಬಿ ಎಂದು ಕೇಳಿದರೆ ಅಂಗಡಿಯಲ್ಲಿ ಕೊಡುತ್ತಾರೆ. ಉದ್ದ ಒಂದೂವರೆ ಮೀಟರಿನ ಆಸುಪಾಸು, ಬಣ್ಣ ಕೇಸರಿ, ಜೊತೆಗೆ 15 ಮೀಟರ್ ದಾರವಿರುವ ಸ್ಪೂಲು. ಸುತ್ತಿಟ್ಟರೆ ಬಿಸಿಡಿಯ, ಅಂದರೆ ಗಾಳಿ ತುಂಬಿ ತೇಲಲು ತೊಡುವ ಜಾಕೆಟ್ಟಿನ, ಜೇಬಿನಲ್ಲಿ ಕೂರುತ್ತದೆ.

ಕೊಂಡರಷ್ಟೇ ಸಾಲದು, ಬಿಡುವುದನ್ನು ಕಲಿಯಬೇಕು. ಮೇಲೆ ಬರುವಾಗ ಸುರಕ್ಷತೆಗೆಂದು 5 ಮೀಟರ್ ಆಳದಲ್ಲಿ 3 ನಿಮಿಷ ನಿಲ್ಲುತ್ತೇವಲ್ಲ, ಅದಕ್ಕೆ ಸ್ವಲ್ಪ ಮೊದಲು, 7–8 ಮೀಟರಿನಲ್ಲಿ ಟ್ಯೂಬನ್ನು ಹೊರತೆಗೆಯಿರಿ. ತಲೆಯೆತ್ತಿ ನೋಡಿ, ಮೇಲೆ ಬೋಟಿನ ತಳ ಇರಬಾರದು. ಸ್ಪೂಲನ್ನು ಬಿಸಿಡಿಗೆ ಸಿಕ್ಕಿಸಿದ್ದರೆ ತೆಗೆದು ಕೈಯಲ್ಲಿ ಹಿಡಿಯಿರಿ. ದಾರ ಎಲ್ಲಾದರೂ ಸಿಕ್ಕಿಕೊಂಡರೆ ಟ್ಯೂಬಿನ ಜೊತೆ ನೀವೂ ಮೇಲಕ್ಕೆ ಎಳೆದುಕೊಂಡು ಹೋಗುವುದು ಹೀಗೆ ಸಿಕ್ಕಿಸಿಟ್ಟಾಗಲೇ. ಬಾಯಿ ತೆರೆದಿರುವ ಟ್ಯೂಬಾದರೆ ಆಕ್ಟೋಪಸ್ಸಿನಿಂದ (ಜೊತೆಗಾರನಿಗೆ ಉಸಿರಾಡಲು ಕೊಡುವ ಎರಡನೇ ಬಾಯಿಕೊಳವೆ) ಒಂದೆರಡು ಕ್ಷಣ ಗಾಳಿ ಬಿಡಿ. ಅರ್ಧ ತುಂಬಿದರೂ ಸಾಕು: 10 ಮೀಟರ್ ಆಳದಲ್ಲಿ ಒತ್ತಡ ದಡದ ಎರಡರಷ್ಟು, ಅಲ್ಲಿ ಹಿಡಿದ ಗಾಳಿ ಮೇಲೆ ಬರುವ ಹೊತ್ತಿಗೆ ದುಪ್ಪಟ್ಟಾಗುತ್ತದೆ. ಬಿಟ್ಟ ಮೇಲೆ ಸ್ಪೂಲು ಬೆರಳುಗಳ ನಡುವೆ ತಾನಾಗಿ ತಿರುಗಲಿ. ಸಿಕ್ಕಿಕೊಂಡಿತೋ, ಕೈಬಿಟ್ಟುಬಿಡಿ, ಟ್ಯೂಬ್ ಹೋದರೆ ಹೋಗಲಿ. ಮೇಲೆ ಬಂದ ಬಳಿಕ ದಾರವನ್ನು ಕೆಳಕ್ಕೆ ಜಗ್ಗಿ ಹಿಡಿಯಬೇಕು, ಇಲ್ಲದಿದ್ದರೆ ಟ್ಯೂಬ್ ನೀರಿನ ಮೇಲೆ ಮಲಗಿಬಿಡುತ್ತದೆ, ಯಾರಿಗೂ ಕಾಣುವುದಿಲ್ಲ. ತಿಳಿನೀರಿನಲ್ಲಿ ಹತ್ತು ಸಲವಾದರೂ ಮಾಡಿ. ಕೈಗೆ ರೂಢಿಯಾಗದ ಸಾಮಾನು ಅವಘಡದ ಹೊತ್ತಿಗೆ ಜೇಬಿನಲ್ಲೇ ಉಳಿಯುತ್ತದೆ.

ಸೀಟಿಯನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಎಡ ಭುಜದ ಮೇಲೆ, ಬಿಸಿಡಿಗೆ ಗಾಳಿ ತುಂಬುವ ಇನ್‌ಫ್ಲೇಟರ್ ಹೋಸಿಗೆ ಕಟ್ಟಿದ್ದರೆ ಅದರ ಭಾರವೇ ಗೊತ್ತಾಗುವುದಿಲ್ಲ, ಹತ್ತಿರದ ಬೋಟಿನ ಇಂಜಿನ್ ನಿಂತಿದ್ದರೆ ಚೆನ್ನಾಗಿ ಕೇಳುತ್ತದೆ. ಅಂಗೈಯಗಲದ ಕನ್ನಡಿಯೊಂದನ್ನೂ ಇಟ್ಟುಕೊಳ್ಳಿ, ಬಿಸಿಲಿದ್ದರೆ ಅದರ ಮಿಂಚು ಬಹಳ ದೂರ ಹೋಗುತ್ತದೆ. ಚಿಕ್ಕ ಟಾರ್ಚ್ ಒಂದು ಸಾಕು. ಬಂಡೆಯ ಸಂದು ನೋಡಲೂ ಆಯಿತು, ಹೊತ್ತು ಮುಳುಗಿದರೆ ಗುರುತಿಗೂ ಆಯಿತು.

ಇನ್ನು ಕತ್ತರಿಸುವ ಸಾಧನ. ನನ್ನ ಅಪ್ಪ ಮೀನುಗಾರ. ಬಂಡೆಗೆ ಸಿಕ್ಕಿ ಹರಿದ ಬಲೆ ಕೆಳಗೇ ಉಳಿದುಬಿಡುತ್ತದೆಂದು ಅವರಿಂದ ಕೇಳಿದ್ದೆ, ನೀರಿಗಿಳಿದ ಮೇಲೆ ಕಂಡೆ. ನೈಲಾನ್ ಎಳೆ ನೀರಿನಲ್ಲಿ ಕಣ್ಣಿಗೇ ಬೀಳುವುದಿಲ್ಲ. ಒಮ್ಮೆ ನನ್ನ ಬಲಗಾಲಿಗೆ ಹಾಕಿದ್ದ ಈಜುರೆಕ್ಕೆಯ (ಫಿನ್) ಬಕಲ್ ಬಲೆಗೆ ಸಿಕ್ಕಿತು. ದೊಡ್ಡ ಚಾಕು ಕಟ್ಟಿದ್ದೂ ಅದೇ ಕಾಲಿನ ಮೀನಖಂಡಕ್ಕೆ. ಬಗ್ಗಿದಷ್ಟೂ ಬಲೆ ಸುತ್ತಿಕೊಂಡಿತು, ಜೊತೆಗಾರ ಬಂದು ಬಿಡಿಸಿದ. ಅಂದಿನಿಂದ ಕಾಲಿಗೆ ಚಾಕು ಕಟ್ಟಿಲ್ಲ. ಸಂದಿನೊಳಗೆ ಬ್ಲೇಡ್ ಇರುವ ಬೆರಳುದ್ದದ ಲೈನ್ ಕಟರ್ ಒಂದನ್ನು ಎದೆಯ ಪಟ್ಟಿಯ ಮೇಲೆ, ಎರಡೂ ಕೈಗೆ ಎಟಕುವಲ್ಲಿ ಇಟ್ಟುಕೊಂಡಿದ್ದೇನೆ. ಜೇಬಿನಲ್ಲಿ ಆಂಬುಲೆನ್ಸಿನವರು ಬಟ್ಟೆ ಕತ್ತರಿಸಲು ಬಳಸುವಂಥ ಮೊಂಡುತುದಿಯ ಕತ್ತರಿ. ದಪ್ಪ ಹಗ್ಗಕ್ಕೆ ಅದೇ ವಾಸಿ. ಉಪ್ಪುನೀರಿಗೆ ಎರಡೂ ಬೇಗ ತುಕ್ಕು ಹಿಡಿಯುತ್ತವೆ, ಪ್ರತಿ ಸಂಜೆ ಸಿಹಿನೀರಿನಲ್ಲಿ ತೊಳೆದು ಒಣಗಿಸಿ.

ಗಾಳಿಯ ವಿಷಯದಲ್ಲಿ ಹೊಸದಾಗಿ ಕೊಳ್ಳುವುದಕ್ಕಿಂತ ಇರುವುದನ್ನು ಪರೀಕ್ಷಿಸುವುದೇ ಮುಖ್ಯ. ಹಳದಿ ಹೋಸಿನ ಆಕ್ಟೋಪಸ್ ಗಲ್ಲದಿಂದ ಪಕ್ಕೆಲುಬಿನವರೆಗಿನ ತ್ರಿಕೋನದೊಳಗೇ ಇರಲಿ, ಬೆನ್ನ ಹಿಂದೆ ಜೋತಾಡಬಾರದು. ಬೋಟಿನ ಮೇಲೆ ಸಿಲಿಂಡರಿನ ಒತ್ತಡ ತೋರಿಸುವ ಗೇಜ್ ನೋಡುತ್ತ ಎರಡು ಮೂರು ಸಲ ಉಸಿರೆಳೆಯಿರಿ, ಮುಳ್ಳು ಕುಣಿದರೆ ಸಿಲಿಂಡರಿನ ವಾಲ್ವ್ ಪೂರ್ತಿ ತೆರೆದಿಲ್ಲ ಎಂದರ್ಥ. ಗೇಜಿನಲ್ಲಿ 50 ಬಾರ್ ಒತ್ತಡ ಉಳಿದಿರುವಾಗ ನೀವು ಬೋಟಿನ ಮೇಲಿರಬೇಕು. ಆಳ, ಸಮಯದ ಲೆಕ್ಕವಿಡುವ ಡೈವ್ ಕಂಪ್ಯೂಟರ್ ತಲೆಗೊಂದು ಬೇಕು. ನೀವೂ ಜೊತೆಗಾರನೂ ಹೋದ ಆಳ ಎಂದೂ ಒಂದೇ ಆಗಿರುವುದಿಲ್ಲ.

ಹೆಚ್ಚುವರಿ ಪುಟ್ಟ ಸಿಲಿಂಡರು? ಒಬ್ಬರೇ ಇಳಿಯುವವರಿಗೆ, ಬಹಳ ಆಳಕ್ಕೆ ಹೋಗುವವರಿಗೆ ಅದು ಬೇಕು. ನಾನು ಕರೆದೊಯ್ಯುವ ಡೈವುಗಳು 18 ಮೀಟರ್ ದಾಟುವುದಿಲ್ಲ. ಅಲ್ಲಿ ಪಕ್ಕದಲ್ಲೇ ಇರುವ ಜೊತೆಗಾರನೇ ನಿಮ್ಮ ಎರಡನೇ ಸಿಲಿಂಡರು. ಅದನ್ನೂ, ಎರಡನೇ ಚಾಕುವನ್ನೂ, ನೇತಾಡುವ ಕ್ಲಿಪ್ಪುಗಳನ್ನೂ ದಡದಲ್ಲೇ ಬಿಡಿಸುತ್ತೇನೆ. ಹೊರಗೆ ನೇತಾಡುವ ಪ್ರತಿಯೊಂದೂ ಬಲೆಗೆ ಸಿಕ್ಕಿಕೊಳ್ಳಲು ಒಂದೊಂದು ಕೊಂಡಿ.

ಮೈಮೇಲೆ ಹೊರಲಾಗದ್ದು ಬೋಟಿನಲ್ಲಿರಬೇಕು. ಬೋಧಕರ ಕೈಹಿಡಿದು ಮೊದಲ ಸಲ ನೀರು ನೋಡಲು ಬರುವವರೇ, ನೀವು ಏನನ್ನೂ ಕೊಳ್ಳಬೇಡಿ, ಆದರೆ ಹಣ ಕೊಡುವ ಮುನ್ನ ಇದನ್ನು ಕೇಳಿ: ಅವಘಡವಾದರೆ ದಡ ಸೇರುವವರೆಗೆ ಕೊಡಲು ಬೋಟಿನಲ್ಲಿ ಆಮ್ಲಜನಕ ಇದೆಯೇ, ಎಷ್ಟಿದೆ? ನೇತ್ರಾಣಿ ದಡದಿಂದ ಸುಮಾರು 19 ಕಿಲೋಮೀಟರ್. ಮರಳಲು ಒಂದೂವರೆ ಗಂಟೆ ಹಿಡಿಯಿತು ಎನ್ನೋಣ. ನಿಮಿಷಕ್ಕೆ 15 ಲೀಟರಿನಂತೆ ಒಬ್ಬರಿಗೇ 1350 ಲೀಟರ್ ಬೇಕು. ಕೈಚೀಲದಷ್ಟಿರುವ ಕ್ಯಾನಿನಿಂದ ಅದು ಆಗದು. ವಿಎಚ್‌ಎಫ್ ರೇಡಿಯೋ ಇದೆಯೇ, ತುರ್ತು ಕರೆಯ 16ನೇ ಚಾನೆಲ್ಲಿಗೆ ಹಾಕುತ್ತಾರೆಯೇ ನೋಡಿ. ಕೋಸ್ಟ್ ಗಾರ್ಡಿನ 1554 ಸಂಖ್ಯೆ ನಿಮ್ಮ ಫೋನಿನಲ್ಲೂ ಇರಲಿ.

ತಲೆ ಎಣಿಕೆ ಯಾರ ಹೊಣೆ ಎಂಬುದನ್ನೂ ಕೇಳಿ. 1998ರ ಜನವರಿಯಲ್ಲಿ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಅಮೆರಿಕದ ದಂಪತಿಯೊಂದನ್ನು ನೀರಲ್ಲೇ ಬಿಟ್ಟು ಬೋಟು ಮರಳಿತ್ತು. ಗೊತ್ತಾಗಲು ಎರಡು ದಿನ ಹಿಡಿಯಿತು. ಅವರು ಮತ್ತೆ ಸಿಗಲೇ ಇಲ್ಲ. ನಮ್ಮ ಬೋಟಿನಲ್ಲಿ ನಾನು ಹೆಸರು ಕೂಗುತ್ತೇನೆ, ಪ್ರತಿಯೊಬ್ಬರೂ ತಮ್ಮ ಬಾಯಿಂದಲೇ ಓಗೊಡಬೇಕು. "ಅವನು ಆಚೆ ಇದ್ದಾನೆ" ಎಂಬ ಉತ್ತರ ನಡೆಯುವುದಿಲ್ಲ.

ಕೊನೆಗೆ, ನೀರಿಗೆ ಹಾರುವ ಮುನ್ನ ಟ್ಯೂಬನ್ನು ಒಮ್ಮೆ ಬಿಚ್ಚಿ ತಾಂಡೇಲರಿಗೆ ತೋರಿಸಿ. ಹುಡುಕುವುದು ಅವರ ಕಣ್ಣು, ಯಾವ ಬಣ್ಣಕ್ಕಾಗಿ ಕಾಯಬೇಕೆಂದು ಅವರಿಗೆ ಮೊದಲೇ ಗೊತ್ತಿರಲಿ.