ತೊಳೆಯಬಾರದಿದ್ದ ಕೊಳೆ

ಮಂಗಳೂರಿನ ಬಸ್‌ಸ್ಟ್ಯಾಂಡಿನಲ್ಲಿ ಇಪ್ಪತ್ತು ಲೀಟರಿನ ಎರಡು ಕ್ಯಾನ್‌ಗಳನ್ನು ಡಿಕ್ಕಿಗೆ ಹಾಕಿಸುವಾಗ ಕಂಡಕ್ಟರ್ ತಡೆದರು. ಒಳಗೇನು ಎಂದು ಕೇಳಿದರು. ಸಮುದ್ರದ ನೀರು ಎಂದೆ. ಮುಚ್ಚಳ ತೆಗೆಸಿ ಮೂಸಿ ನೋಡಿದರು. "ಬೆಂಗಳೂರಲ್ಲಿ ನೀರಿಗೆ ಇಷ್ಟೂ ಬರ ಬಂತಾ ಮಾರಾಯ್ರೆ?"

ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಊರಲ್ಲಿ ಕೂತು ಕಡಲಿನ ಸೂಕ್ಷ್ಮಪಾಚಿಗಳ ಜೀನೋಮ್, ಅಂದರೆ ಅವುಗಳ ಇಡೀ ಡಿಎನ್‌ಎ ಬರಹ, ಓದುವವಳಿಗೆ ಈ ಪ್ರಶ್ನೆ ಹೊಸದಲ್ಲ. ಅಕ್ವೇರಿಯಂ ಅಂಗಡಿಯ ಉಪ್ಪು ಕರಗಿಸಿಯೂ ಪಾಚಿ ಬೆಳೆಸಬಹುದು, ಬೆಳೆಸಿದ್ದೇನೆ. ಆದರೆ ನನಗೆ ಬೇಕಾಗಿದ್ದ ಡಯಾಟಮ್ ಎಂಬ ಒಂಟಿಕೋಶದ ಪಾಚಿ ಅದರಲ್ಲಿ ಮುನಿಸಿಕೊಂಡು ತಳ ಹಿಡಿಯುತ್ತಿತ್ತು. ಹಾಗಾಗಿ ಶಿರಾಡಿ ಘಾಟಿ ಹತ್ತಿಸಿ ನೀರು ತರುವುದು ಅಭ್ಯಾಸವಾಯಿತು.

ಮಾದರಿ ತೆಗೆದದ್ದು ಅಕ್ಟೋಬರಿನಲ್ಲಿ. ಮಳೆಗಾಲದಲ್ಲಿ ನೇತ್ರಾವತಿ ಅಳಿವೆಬಾಗಿಲಿನ ನೀರು ಹೆಚ್ಚುಕಡಿಮೆ ಸಿಹಿಯಾಗಿಬಿಡುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ, ದಕ್ಕೆಯಲ್ಲಿ ಬೋಟುಗಳೆಲ್ಲ ಕಟ್ಟಿ ನಿಂತಿರುತ್ತವೆ. ಮಳೆ ಇಳಿದ ಮೇಲೆ ಒಂದು ಬೋಟಿನಲ್ಲಿ ಹೋಗಿ 20 ಮೈಕ್ರಾನ್ ಕಣ್ಣಿನ ಬಲೆ ಎಳೆದೆವು. ಬಲೆಯ ತುದಿಯ ಶೀಶೆಯಲ್ಲಿ ಕಂದುಬಣ್ಣದ ಗಂಜಿ. ಅದನ್ನು ಥರ್ಮಾಸಿನಲ್ಲಿ ಅರ್ಧಕ್ಕಷ್ಟೇ ತುಂಬಬೇಕು, ಉಳಿದರ್ಧ ಗಾಳಿಗೆ. ಮೊದಲ ಸಲ ಕಂಠಮಟ್ಟ ತುಂಬಿಸಿ ತಂದಿದ್ದೆ. ಬೆಳಿಗ್ಗೆ ತೆರೆದರೆ ಕೊಳೆತ ಮೊಟ್ಟೆಯ ನಾತ.

ಆ ಗಂಜಿಯಿಂದ ಒಂದೊಂದೇ ಕೋಶ ಹೆಕ್ಕುವುದು ಬತ್ತದ ರಾಶಿಯಲ್ಲಿ ಕಲ್ಲು ಆರಿಸಿದ ಹಾಗೆ. ಗಾಜಿನ ಪಿಪೆಟ್ಟನ್ನು ಉರಿಗೆ ಹಿಡಿದು ಕೂದಲೆಳೆಯಷ್ಟು ಸಣ್ಣಗೆ ಎಳೆದು, ಮೈಕ್ರೋಸ್ಕೋಪಿನಡಿ ಒಂದು ಕೋಶ ಹೀರಿ, ಶುದ್ಧ ನೀರಿನ ಐದಾರು ಹನಿಗಳಲ್ಲಿ ತೊಳೆದು, ಗುಳಿಗಳಿರುವ ತಟ್ಟೆಗೆ ಬಿಡಬೇಕು. ತಟ್ಟೆಯಲ್ಲಿರುವುದು ಎಫ್/2 ಎಂಬ ಪೋಷಕ ದ್ರವ: ನೈಟ್ರೇಟ್, ಫಾಸ್ಫೇಟ್, ಸಿಲಿಕೇಟ್, ಲೋಹಲವಣಗಳು, ಜೊತೆಗೆ ಬಿ12 ಸೇರಿ ಮೂರು ವಿಟಮಿನ್. ನೂರಕ್ಕೆ ಹತ್ತು ಬದುಕಿದರೆ ಹಬ್ಬ.

ಬದುಕಿದವುಗಳಲ್ಲಿ ನಾನು ಆರಿಸಿಕೊಂಡದ್ದು ಥಲಾಸಿಯೊಸೈರಾ ಕುಲದ ಒಂದು ತಳಿ. ಕುಲ ಎಂದಷ್ಟೇ ಹೇಳುತ್ತೇನೆ. ಮೈಕ್ರೋಸ್ಕೋಪ್ ನೋಡಿ ಪ್ರಭೇದದ ಹೆಸರು ಬರೆಯುವ ಧೈರ್ಯ ನನಗೆ ಹೋಗಿದೆ. ನಮ್ಮ ಕರಾವಳಿಯ ಪಟ್ಟಿಗಳಲ್ಲೆಲ್ಲ ಕಾಣುವ ಸ್ಕೆಲೆಟೊನೀಮಾ ಕೋಸ್ಟೇಟಮ್ ಒಂದೇ ಪ್ರಭೇದ ಎಂದು ದಶಕಗಟ್ಟಲೆ ನಂಬಿದ್ದರು. 2005ರಲ್ಲಿ ಅದೇ ಮುಖಚಹರೆಯ ನಾಲ್ಕು ಹೊಸ ಪ್ರಭೇದಗಳನ್ನು ಬೇರ್ಪಡಿಸಿದರು. ಹಳೆಯ ಪಟ್ಟಿಗಳಲ್ಲಿರುವುದು ಯಾವುದೋ ದೇವರೇ ಬಲ್ಲ. ನಾನಂತೂ ಗುರುತು ಹಿಡಿಯಲು ಬಳಸುವ 18ಎಸ್ ಎಂಬ ಜೀನ್ ಓದಿದ ಮೇಲೆಯೇ ಶೀಶೆಗೆ ಚೀಟಿ ಅಂಟಿಸುವುದು.

ಡಿಎನ್‌ಎ ತೆಗೆಯುವುದು ಇನ್ನೊಂದು ರಗಳೆ. ಡಯಾಟಮಿಗೆ ಗಾಜಿನ ಚಿಪ್ಪು, ಮೇಲೆ ಲೋಳೆ. ಚಿಪ್ಪು ದ್ರವಸಾರಜನಕದಲ್ಲಿ ಅರೆದರೆ ಒಡೆಯುತ್ತದೆ, ಲೋಳೆ ಮಾತ್ರ ಡಿಎನ್‌ಎ ಜೊತೆಗೇ ಇಳಿದು ಡಿಎನ್‌ಎ ಓದುವ ಯಂತ್ರವಾದ ಸೀಕ್ವೆನ್ಸರಿನ ರಂಧ್ರಗಳನ್ನು ಕಟ್ಟಿಸುತ್ತದೆ. ಬೆಂಡೆಕಾಯಿಗೆ ಹುಣಸೆಹುಳಿ ಬಿಟ್ಟರೆ ಲೋಳೆ ಮುರಿಯುತ್ತದಲ್ಲ, ಇಲ್ಲಿ ಆ ಕೆಲಸ ಉಪ್ಪಿನದು: ಡಿಎನ್‌ಎ ತೆಗೆಯಲು ಬಳಸುವ ಸಿಟ್ಯಾಬ್ ಎಂಬ ಮಾರ್ಜಕದ ದ್ರಾವಣದಲ್ಲಿ ಉಪ್ಪು ಹೆಚ್ಚಿಸಿದೆ, ಲೋಳೆ ಮೇಲೆ ಉಳಿದು ಡಿಎನ್‌ಎ ಕೆಳಗೆ ಕೂತಿತು.

ಯಂತ್ರ ಓದಿದ ಡಿಎನ್‌ಎ ತುಣುಕುಗಳನ್ನು ಕಂಪ್ಯೂಟರಿನಲ್ಲಿ ಹೊಂದಿಸಿದ ಮೊದಲ ಜೋಡಣೆ ಬಂದಾಗ ಕುಣಿದಾಡಿದ್ದೆ. 2004ರಲ್ಲಿ ಪ್ರಕಟವಾದ ಮೊದಲ ಡಯಾಟಮ್ ಜೀನೋಮ್, ಥಲಾಸಿಯೊಸೈರಾ ಸ್ಯೂಡೊನಾನಾದ್ದು, ಸುಮಾರು 3.4 ಕೋಟಿ ಅಕ್ಷರ. ನನ್ನದು ಅದರ ಎರಡರಷ್ಟಕ್ಕೆ ಹತ್ತಿರವಿತ್ತು. ಏನೋ ವಿಶೇಷ ಸಿಕ್ಕಿದೆ ಎಂದುಕೊಂಡೆ. ತುಣುಕುಗಳಲ್ಲಿ ಡಿಎನ್‌ಎಯ ನಾಲ್ಕು ಅಕ್ಷರಗಳ ಪೈಕಿ ಜಿ ಮತ್ತು ಸಿ ಇರುವ ಪ್ರಮಾಣವನ್ನೂ, ಪ್ರತಿ ತುಣುಕು ಎಷ್ಟು ಸಲ ಓದಿಗೆ ಸಿಕ್ಕಿದೆ ಎಂಬುದನ್ನೂ ಒಂದೇ ಚಿತ್ರದಲ್ಲಿ ಹಾಕಿದಾಗ ಬಣ್ಣ ಬಯಲಾಯಿತು. ಮಧ್ಯದಲ್ಲಿ ಡಯಾಟಮ್, ಎಡಕ್ಕೆ ಮೇಲೆ ಅದರ ಹರಿತ್ತುಕಣ, ಬಲಕ್ಕೆ ದೊಡ್ಡದೊಂದು ಗುಂಪು ಪೂರಾ ಬ್ಯಾಕ್ಟೀರಿಯಾ.

ಕೊಳೆ ಎಂದರೆ ತೊಳೆಯಬೇಕು ತಾನೆ? ಮೂರು ಆಂಟಿಬಯಾಟಿಕ್ ಬೆರೆಸಿ ಚಿಕಿತ್ಸೆ ಕೊಟ್ಟೆ. ಬ್ಯಾಕ್ಟೀರಿಯಾ ಹೋದವು. ಶುದ್ಧವಾದ ಡಯಾಟಮ್ ಮೂರನೆಯ ಸಲ ಹೊಸ ದ್ರವಕ್ಕೆ ವರ್ಗಾಯಿಸುವ ಹೊತ್ತಿಗೆ ಬಿಳಿಚಿಕೊಂಡು ಸತ್ತಿತು. ಮತ್ತೆ ಮಾಡಿದೆ, ಮತ್ತೆ ಸತ್ತಿತು. ಪಕ್ಕದಲ್ಲೇ ಕೊಳಕು ಫ್ಲಾಸ್ಕು ಫಿಲ್ಟರ್ ಕಾಫಿಯ ಬಣ್ಣದಲ್ಲಿ ನಳನಳಿಸುತ್ತಿತ್ತು. ಔಷಧದ ಪ್ರಮಾಣ ಕಡಿಮೆ ಮಾಡಿದೆ, ಬೆಳಕು ತಗ್ಗಿಸಿದೆ, ರಾತ್ರಿ ಕರೆಂಟ್ ಹೋಗಿ ಇನ್‌ಕ್ಯುಬೇಟರ್ ಬಿಸಿಯಾಯಿತೇನೋ ಎಂದು ಅದರ ಮುಂದೆಯೇ ಎರಡು ರಾತ್ರಿ ಕೂತೆ. ತಪ್ಪು ಸಿಕ್ಕಿದ್ದು ಫ್ರೀಜರ್ ತೊಳೆಯುವ ದಿನ. ವಿಟಮಿನ್ ಎಂದು ನಾನೇ ಚೀಟಿ ಬರೆದಿದ್ದ ಟ್ಯೂಬುಗಳಲ್ಲಿ ಇದ್ದದ್ದು ಬರೀ ನೀರು. ವಿಟಮಿನ್ ದ್ರಾವಣ ಬೇರೆ ಡಬ್ಬಿಯಲ್ಲಿ ಮುಟ್ಟದೆ ಹಾಗೇ ಇತ್ತು. ಅಂದರೆ ನಾಲ್ಕು ತಿಂಗಳು ನನ್ನ ಪಾಚಿಗೆ ನಾನು ಬಿ12 ಹಾಕೇ ಇರಲಿಲ್ಲ.

ಹಾಗಾದರೆ ಕೊಳಕು ಫ್ಲಾಸ್ಕು ಏನು ತಿಂದು ಬದುಕಿತು? ಪಾಚಿ ಪ್ರಭೇದಗಳಲ್ಲಿ ಅರ್ಧದಷ್ಟಕ್ಕೆ ಬಿ12 ಹೊರಗಿನಿಂದ ಬೇಕು, ಅದನ್ನು ಬ್ಯಾಕ್ಟೀರಿಯಾ ಒದಗಿಸಬಲ್ಲವು ಎಂದು 2005ರಲ್ಲೇ ತೋರಿಸಿದ್ದರು. ಓದಿದ್ದೆ ಕೂಡ. ಈಗ ಜೀನೋಮಿನಲ್ಲೇ ಹುಡುಕಿದೆ. ಕೋಶಕ್ಕೆ ಬೇಕೇಬೇಕಾದ ಮೆಥಿಯೊನಿನ್ ಎಂಬ ಅಮೈನೋ ಆಮ್ಲ ತಯಾರಿಸುವ ಕಿಣ್ವಗಳು ಎರಡು ಬಗೆ: ಬಿ12 ಇಲ್ಲದೆ ನಡೆಯದ ಮೆಟ್-ಎಚ್, ಬಿ12 ಬೇಡದ ಮೆಟ್-ಇ. ಫಿಯೊಡ್ಯಾಕ್ಟೈಲಮ್ ಎಂಬ ಡಯಾಟಮ್‌ಗೆ ಎರಡೂ ಇವೆ. ಸ್ಯೂಡೊನಾನಾಗೆ ಮೆಟ್-ಇ ಇಲ್ಲ. ನನ್ನದರಲ್ಲೂ ಸಿಗಲಿಲ್ಲ. ಆಮೇಲೆ ಕಸವೆಂದು ಬೇರೆ ಫೋಲ್ಡರಿಗೆ ತಳ್ಳಿದ್ದ ಬ್ಯಾಕ್ಟೀರಿಯಾ ತುಣುಕುಗಳನ್ನು ತೆರೆದೆ. ರೋಸಿಯೊಬ್ಯಾಕ್ಟರ್ ಗುಂಪಿನದೊಂದರ ಪೂರ್ಣ ವೃತ್ತಾಕಾರದ ಜೀನೋಮ್ ಅಲ್ಲಿತ್ತು, ಅದರಲ್ಲಿ ಬಿ12 ತಯಾರಿಕೆಯ ಜೀನುಗಳು ಸಾಲಾಗಿ ಕೂತಿದ್ದವು. ಎಷ್ಟೋ ಜನ ಜೋಡಣೆ ಮುಗಿದ ತಕ್ಷಣ ಈ ಫೋಲ್ಡರನ್ನು ಅಳಿಸುತ್ತಾರೆ. ನಾನು ಅಳಿಸದೆ ಉಳಿಸಿದ್ದು ಜಾಣತನದಿಂದಲ್ಲ, ಸೋಮಾರಿತನದಿಂದ.

ವಿಟಮಿನ್ ಹಾಕಿದ ಮೇಲೆ ಶುದ್ಧ ತಳಿಯೂ ಚೇತರಿಸಿಕೊಂಡಿತು. ಈಗ ಎರಡೂ ಫ್ಲಾಸ್ಕು ಅಕ್ಕಪಕ್ಕ ಇಟ್ಟಿದ್ದೇನೆ. ವಿಟಮಿನ್ ಟ್ಯೂಬಿಗೆ ಕೆಂಪು ಮುಚ್ಚಳ ಕಡ್ಡಾಯ.

ಇತ್ತೀಚೆಗೆ ಎರಡೂ ಮತ್ತೆ ನಿಧಾನವಾಗಿವೆ. ಅಳೆದು ನೋಡಿದರೆ ಕೋಶಗಳು ಕುಗ್ಗಿವೆ. ಡಯಾಟಮ್ ಅಂದರೆ ಮುಚ್ಚಳವಿರುವ ಡಬ್ಬಿ. ಕೋಶ ಎರಡಾಗಿ ಒಡೆದಾಗ ಮುಚ್ಚಳಕ್ಕೂ ತಳಕ್ಕೂ ಒಳಗಡೆಯೇ ಹೊಸ ಅರ್ಧ ಬೆಳೆಯುವುದರಿಂದ ತಳ ಪಡೆದ ಮರಿ ಒಂದು ಸುತ್ತು ಚಿಕ್ಕದು. ಲೈಂಗಿಕ ಸಂತಾನ ನಡೆದರೆ ಗಾತ್ರ ಮರಳುತ್ತದೆ, ಇಲ್ಲವಾದರೆ ಬಹುತೇಕ ತಳಿಗಳು ಕುಗ್ಗಿ ಕುಗ್ಗಿ ಮುಗಿಯುತ್ತವೆ. ನನ್ನವು ಫ್ಲಾಸ್ಕಿನಲ್ಲಿ ಮದುವೆಗೆ ಒಪ್ಪುತ್ತಿಲ್ಲ. ಕ್ಯಾನ್‌ಗಳನ್ನು ತೊಳೆದು ಬೋರಲು ಹಾಕಿದ್ದೇನೆ, ಮಳೆ ಇಳಿಯಲಿ.