ರೂಟರ್ ಆಫ್ ಮಾಡದೆ ಕಾರ್ಡ್ ಬದಲಿಸುವುದು ಹೇಗೆ?

ಕಚೇರಿ, ಡೇಟಾ ಸೆಂಟರ್‌ಗಳಲ್ಲಿರುವ ಎಷ್ಟೋ ರೂಟರ್‌ಗಳು ಖಾನೆಗಳಿರುವ ಪೆಟ್ಟಿಗೆಯ ಹಾಗೆ. ಆ ಖಾನೆಗಳೇ ಸ್ಲಾಟ್‌ಗಳು. ಬರುವ ಕೇಬಲ್‌ಗೆ ತಕ್ಕ ಇಂಟರ್‌ಫೇಸ್ ಕಾರ್ಡ್ ತಂದು ಸಿಕ್ಕಿಸಿದರಾಯಿತು. ಕಾರ್ಡ್ ಕೆಟ್ಟರೆ ಅದೊಂದನ್ನೇ ಬದಲಿಸಬಹುದು. ಅದೂ ರೂಟರ್ ಓಡುತ್ತಿರುವಾಗಲೇ! ಇದಕ್ಕೆ ಹಾಟ್ ಸ್ವಾಪ್ ಅಂತ ಹೆಸರು. ರೂಟರ್ ಕಂಪನಿ ಸಿಸ್ಕೊದ ಕೈಪಿಡಿಗಳಲ್ಲಿ ಇದೇ ಓಐಆರ್, ಅಂದರೆ ಆನ್‌ಲೈನ್ ಇನ್ಸರ್ಶನ್ ಅಂಡ್ ರಿಮೂವಲ್.

ಹಾಗಾದರೆ ಯಾವಾಗ ಬೇಕಾದರೂ ಸುಮ್ನೆ ಎಳೆದುಬಿಡಬಹುದು ಅಲ್ವಾ? ಖಂಡಿತ ಬೇಡ. ಮೊದಲು ನಿಮ್ಮ ಮಾಡೆಲ್‌ನ ಕೈಪಿಡಿ ನೋಡಿ. ಸಿಸ್ಕೊದ ಹಳೆಯ ಮಾಡೆಲ್ 1841ರಲ್ಲಿ ಕಾರ್ಡ್ ತೆಗೆಯಬೇಕಾದರೆ ಪವರ್ ಆಫ್ ಮಾಡಲೇಬೇಕು. ಆಮೇಲೆ ಬಂದ ಮಾಡೆಲ್ 4451ರಲ್ಲಿ ಆ ತಾಪತ್ರಯವಿಲ್ಲ.

ಕರೆಂಟ್ ಇರುವಾಗಲೇ ಸಿಕ್ಕಿಸಿದರೂ ಕಾರ್ಡ್ ಯಾಕೆ ಸುಡುವುದಿಲ್ಲ? ಗುಟ್ಟು ಪಿನ್‌ಗಳ ಉದ್ದದಲ್ಲಿದೆ. ಹಾಟ್ ಸ್ವಾಪ್ ಕನೆಕ್ಟರ್‌ನಲ್ಲಿ ಎಲ್ಲ ಪಿನ್‌ಗಳೂ ಒಂದೇ ಉದ್ದ ಇರುವುದಿಲ್ಲ. ಸಾಮಾನ್ಯವಾಗಿ ಗ್ರೌಂಡ್ ಪಿನ್ ಎಲ್ಲಕ್ಕಿಂತ ಉದ್ದ, ಹಾಗಾಗಿ ಮೊದಲು ತಾಗುವುದು ಅದು. ಆಮೇಲೆ ಪವರ್, ಕೊನೆಗೆ ಡೇಟಾ. ತೆಗೆಯುವಾಗ ಇದೇ ಕ್ರಮ ತಿರುಗುಮುರುಗು. ಕರೆಂಟ್ ಒಮ್ಮೆಲೇ ನುಗ್ಗದಂತೆ ತಡೆಯುವ ಸರ್ಕ್ಯೂಟ್ ಕೂಡ ಇರುತ್ತದೆ. ಆದರೆ ಇದೆಲ್ಲ ಕಾಪಾಡುವುದು ಹಾರ್ಡ್‌ವೇರನ್ನು ಮಾತ್ರ. ಆ ಕಾರ್ಡ್ ಮೂಲಕ ಹೋಗುತ್ತಿರುವ ಟ್ರಾಫಿಕ್, ಅಂದರೆ ಡೇಟಾ ಓಡಾಟ, ನಿಂತೇ ನಿಲ್ಲುತ್ತದೆ. ಅದಕ್ಕೇ ಬಳಸುವವರಿಗೆ ಮೊದಲೇ ಹೇಳಿ ಸಮಯ ಗೊತ್ತುಮಾಡಿಕೊಳ್ಳಿ.

ಈಗ ಕೆಲಸಕ್ಕೆ ಬರೋಣ. ಕಾನ್ಫಿಗರೇಶನ್ (ರೂಟರಿನ ಸೆಟ್ಟಿಂಗ್‌ಗಳು) ಸೇವ್ ಮಾಡಿ, ಇನ್ನೊಂದು ಪ್ರತಿ ಬೇರೆ ಕಡೆ ಇಟ್ಟುಕೊಳ್ಳಿ. ಕೇಬಲ್‌ಗಳಿಗೆ ಚೀಟಿ ಅಂಟಿಸಿ.

ಸ್ಲಾಟ್ ನಂಬರನ್ನು ಎರಡು ಸಲ ನೋಡಿ. ಬಹಳಷ್ಟು ರೂಟರ್‌ಗಳಲ್ಲಿ ಎಣಿಕೆ ಶುರುವಾಗುವುದು 0ಯಿಂದ. ನಾನೊಮ್ಮೆ ಫೋನಿನಲ್ಲಿ ‘ಸ್ಲಾಟ್ 2’ ಅಂತ ಕೇಳಿಸಿಕೊಂಡು, ಎಡದಿಂದ ಎಣಿಸಿ ಎರಡನೆಯದನ್ನು ಎಳೆದೆ. ಅದು ಸ್ಲಾಟ್ 1. ಚೆನ್ನಾಗಿ ಓಡುತ್ತಿದ್ದ ಕಾರ್ಡ್ ನನ್ನ ಕೈಯಲ್ಲಿತ್ತು, ಕೆಟ್ಟದ್ದು ಪೆಟ್ಟಿಗೆಯಲ್ಲೇ ಕೂತಿತ್ತು!

ಮುಂದೆ, ಕಾರ್ಡ್ ತೆಗೆಯುತ್ತೇನೆ ಅಂತ ರೂಟರ್‌ಗೆ ತಿಳಿಸಿ. ಸಿಸ್ಕೊದ ಹಲವು ಮಾಡೆಲ್‌ಗಳಲ್ಲಿ ‘ಎಚ್‌ಡಬ್ಲ್ಯು-ಮಾಡ್ಯೂಲ್ ಸಬ್‌ಸ್ಲಾಟ್ 0/2 ಸ್ಟಾಪ್’ ಎಂಬ ಕಮಾಂಡ್. ಇನ್ನೊಂದು ಕಂಪನಿ ಜುನಿಪರ್‌ನ ರೂಟರ್‌ಗಳಲ್ಲಿ ‘ರಿಕ್ವೆಸ್ಟ್ ಚಾಸಿಸ್ ಎಫ್‌ಪಿಸಿ ಸ್ಲಾಟ್ 2 ಆಫ್‌ಲೈನ್’. 0/2, 2 ಇರುವ ಕಡೆ ನಿಮ್ಮ ಸ್ಲಾಟ್‌ನ ನಂಬರ್ ಹಾಕಿ. ಕಾರ್ಡ್ ನಿಂತಿದೆ ಅಂತ ಸ್ಕ್ರೀನಿನಲ್ಲೂ ಕಾರ್ಡಿನ ದೀಪದಲ್ಲೂ ಖಾತ್ರಿಯಾಗುವವರೆಗೆ ಕೈ ಹಾಕಬೇಡಿ.

ಮೈಯಲ್ಲಿ ಕೂಡುವ ಸ್ಥಿರ ವಿದ್ಯುತ್ ಕಾರ್ಡಿಗೆ ಹಾರದಂತೆ ಕೈಗೆ ಆಂಟಿಸ್ಟ್ಯಾಟಿಕ್ ಪಟ್ಟಿ ಕಟ್ಟಿ, ಅದರ ಕ್ಲಿಪ್ಪನ್ನು ಚಾಸಿಯ (ರೂಟರ್ ಪೆಟ್ಟಿಗೆಯ) ಪೇಂಟ್ ಇಲ್ಲದ ಲೋಹಕ್ಕೆ ಸಿಕ್ಕಿಸಿ. ಇದನ್ನು ಕಟ್ಟದೆ ಬಿಡುವವರೇ ಜಾಸ್ತಿ. ಬಾಗಿಲ ಹಿಡಿ ಮುಟ್ಟಿದಾಗ ಚುರ್ ಅನ್ನುತ್ತದಲ್ಲ, ಅದು ನಮಗೆ ಗೊತ್ತಾಗಬೇಕಾದರೇ ಸುಮಾರು 3000 ವೋಲ್ಟ್ ಬೇಕು. ಕೆಲವು ಚಿಪ್‌ಗಳು ಹಾಳಾಗಲು 100 ವೋಲ್ಟ್ ಕೂಡ ಬೇಡ. ನಿಮಗೆ ಏನೂ ಅನ್ನಿಸಿರುವುದಿಲ್ಲ, ಕಾರ್ಡ್ ಹೋಗಿರುತ್ತದೆ.

ಕೇಬಲ್ ಬಿಚ್ಚಿ. ಫೈಬರ್ ಆದರೆ ತುದಿಗೆ ಕ್ಯಾಪ್ ಹಾಕಿ. ಪೋರ್ಟ್ ಒಳಗೆ ಇಣುಕಬೇಡಿ, ಲೇಸರ್ ಕಣ್ಣಿಗೆ ಕಾಣುವುದಿಲ್ಲ. ಸ್ಕ್ರೂ ಸಡಿಲಿಸಿ, ಹಿಡಿಗಳಿದ್ದರೆ ಎರಡನ್ನೂ ಒಟ್ಟಿಗೆ ತೆರೆದು, ಕಾರ್ಡನ್ನು ನೇರವಾಗಿ ಎಳೆಯಿರಿ.

ಹೊಸದನ್ನು ಅಂಚಿನಲ್ಲಿ ಹಿಡಿದು ಎರಡೂ ಬದಿಯ ಹಳಿಗೆ ಕೂರಿಸಿ, ನಿಧಾನ ತಳ್ಳಿ. ಕನೆಕ್ಟರ್ ತಾಗಿದ್ದು ಕೈಗೇ ಗೊತ್ತಾಗುತ್ತದೆ. ಅಲ್ಲಿಂದ ಮುಂದೆ ತಡವರಿಸದೆ ಒಂದೇ ಸಲಕ್ಕೆ ಪೂರ್ತಿ ತಳ್ಳಿ. ಅರ್ಧಕ್ಕೆ ನಿಲ್ಲಿಸಿ ಹಿಂದೆ ಮುಂದೆ ಆಡಿಸಿದರೆ ಪಿನ್‌ಗಳ ಕ್ರಮ ಕೆಡುತ್ತದೆ, ರೂಟರ್ ಗೊಂದಲಕ್ಕೆ ಬೀಳುತ್ತದೆ.

ಸ್ಕ್ರೂ ಬಿಗಿ ಮಾಡಿ, ಕಾರ್ಡ್ ಬೂಟ್ ಆಗಲು ಬಿಡಿ. ತಾನಾಗಿ ಏಳದಿದ್ದರೆ ಮೊದಲಿನ ಕಮಾಂಡನ್ನೇ ಕೊಡಿ, ‘ಸ್ಟಾಪ್’ ಜಾಗದಲ್ಲಿ ‘ಸ್ಟಾರ್ಟ್’, ಜುನಿಪರ್‌ನಲ್ಲಾದರೆ ‘ಆಫ್‌ಲೈನ್’ ಜಾಗದಲ್ಲಿ ‘ಆನ್‌ಲೈನ್’. ಅದೇ ಜಾತಿಯ ಕಾರ್ಡ್ ಆದರೆ ಸಾಮಾನ್ಯವಾಗಿ ಹಳೆಯ ಕಾನ್ಫಿಗರೇಶನ್ನೇ ನಡೆಯುತ್ತದೆ. ಬೇರೆ ಜಾತಿಯದ್ದಾದರೆ ಹೊಸದಾಗಿ ಬರೆಯಬೇಕು.

ಬದಲಿ ಕಾರ್ಡ್ ಇನ್ನೂ ಬಂದಿಲ್ಲವಾ? ಸ್ಲಾಟ್ ಬಾಯಿ ತೆರೆದು ಬಿಡಬೇಡಿ, ಮುಚ್ಚುವ ತಗಡು ಹಾಕಿ. ಇಲ್ಲದಿದ್ದರೆ ಫ್ಯಾನ್‌ನ ಗಾಳಿ ಆ ಕಿಂಡಿಯಲ್ಲೇ ಸೋರಿ, ಪಕ್ಕದ ಕಾರ್ಡ್‌ಗಳು ಬಿಸಿಯಾಗುತ್ತವೆ.